ಮಾವನ ಕಾಲು ಬ್ರೇಕಿನ ಮೇಲಿತ್ತು

ನಾನು ಸುಳ್ಳು ಹೇಳಿದೆ. ಮುಂಬ್ರಾ ಬೈಪಾಸಿನ ಏರಿನಲ್ಲಿ ನಮ್ಮ ಗಾಡಿ ಹಿಂದಕ್ಕೆ ಜಾರಿದ ದಿನ, ಅದನ್ನು ಓಡಿಸುತ್ತಿದ್ದ ನನ್ನ ಮಾವನ ಕಾಲು ಬ್ರೇಕಿನ ಮೇಲೆಯೇ ಇತ್ತು. ನಾನು ಪಕ್ಕದ ಸೀಟಿನಲ್ಲಿದ್ದೆ, ಕಣ್ಣಾರೆ ನೋಡಿದ್ದೆ. ಆಮೇಲೆ ಅವರು ಕೇಳಿದಾಗ — ಒಮ್ಮೆ ಮಾತ್ರ ಕೇಳಿದರು — ನೋಡಲಿಲ್ಲ ಎಂದೆ.

ಇದನ್ನು ಎಲ್ಲರೂ ಓದುವ ಹಾಗೆ ಬರೆಯುವುದಕ್ಕೆ ಕಾರಣವಿದೆ. ಡೊಂಬಿವಲಿ, ಕಲ್ಯಾಣ್, ಠಾಣೆಗಳಲ್ಲಿ ನಮ್ಮ ಊರಿನವರ ಮನೆಮನೆಗೂ ಒಂದು ಸುದ್ದಿ ಹೋಗಿದೆ. ವಾಸಣ್ಣನಿಗೆ ವಯಸ್ಸಾಯಿತು, ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ, ಸ್ವಂತ ತಂಗಿಯ ಸೊಂಟ ಮುರಿಸಿದರು ಎಂದು. ಆ ಸುದ್ದಿ ಹೊರಟದ್ದು ನನ್ನ ಬಾಯಿಯಿಂದ. ಅದು ಹೋದಲ್ಲೆಲ್ಲ ಇದೂ ಹೋಗಲಿ.

ಈ ವಾಸಣ್ಣನನ್ನು, ನನ್ನ ಮಾವನನ್ನು, ತಿಳಿಯದವರಿಗೆ ಹೇಳಬೇಕು. ಕಲ್ಯಾಣ್ ಸ್ಟೇಷನ್ನಿನ ಹತ್ತಿರ ಅವರದೊಂದು ಸಸ್ಯಾಹಾರಿ ಹೋಟೆಲಿತ್ತು. ಅದನ್ನು ಬಿಟ್ಟುಕೊಟ್ಟು, ಅತ್ತೆ ತೀರಿಕೊಂಡ ಮೇಲೆ, ಡೊಂಬಿವಲಿಯಲ್ಲಿ ನಮ್ಮ ಜೊತೆಗಿದ್ದಾರೆ. ಉಡುಪಿ ಕಡೆಯಿಂದ ರೈಲಿನಲ್ಲಿ ಯಾರೇ ಬರಲಿ — ನೆಂಟರು, ನೆಂಟರ ನೆಂಟರು, ದೊಡ್ಡ ಆಸ್ಪತ್ರೆಗೆ ತೋರಿಸಲು ಬರುವವರು, ಪೂಜೆಗೆ ಕರೆಸಿದ ಭಟ್ಟರು — ಠಾಣೆ ಸ್ಟೇಷನ್ನಿಗೆ ಹೋಗಿ ಕರೆತರುವವರು ಮಾವ. ಈ ಕೆಲಸವನ್ನು ಅವರಿಗೆ ಯಾರೂ ಒಪ್ಪಿಸಿದ್ದಲ್ಲ. ಹೋಟೆಲಿನ ಕಾಲದಿಂದ ಹಾಗೆಯೇ ನಡೆದು ಬಂದಿತ್ತು. ಸ್ಟೇಷನ್ನಿನ ಪೂರ್ವಕ್ಕಿರುವ ಕೋಪರಿಯ ಬದಿಯಲ್ಲಿ ಗಾಡಿ ನಿಲ್ಲಿಸಿ, ಪ್ಲಾಟ್‌ಫಾರ್ಮಿಗೇ ಹೋಗಿ, ಬೋಗಿಯ ಬಾಗಿಲಲ್ಲಿ ನಿಂತು ಸಾಮಾನು ಇಳಿಸಿಕೊಳ್ಳುತ್ತಿದ್ದರು. ಊರಿನಲ್ಲಿ ಟಿಕೆಟು ಮಾಡಿಸುವಾಗಲೇ ಜನ ಹೇಳುತ್ತಿದ್ದರಂತೆ, ವಾಸಣ್ಣನಿಗೆ ಒಂದು ಫೋನು ಹಾಕಿಬಿಡು ಅಂತ. ಅವರಿಗೆ ಬೇರೆ ಹೆಮ್ಮೆ ಇರಲಿಲ್ಲ. ಇದೊಂದಿತ್ತು.

ಹೊಸ ಗಾಡಿ ನನ್ನ ಹಟ. ಆ ಎಸ್‌ಯುವಿಯನ್ನು ಕಂಪನಿ ಪೂರ್ತಿ ಬದಲಾಯಿಸಿ ಹೊಸ ರೂಪದಲ್ಲಿ ತಂದಿತ್ತು. ಕ್ಲಚ್ಚೂ ಗೇರಿನ ಕೋಲೂ ಹೋಗಿ ತಿರುಗಿಸುವ ಗುಂಡಿ ಬಂದಿತ್ತು, ಕೈಬ್ರೇಕಿನ ಬದಲು ಒತ್ತುವ ಗುಂಡಿ, ಎದುರಿಗೆ ಉದ್ದಕ್ಕೂ ಪರದೆ. ಶೋರೂಮಿನಲ್ಲಿ ಒಳಗೆ ಕೂತ ಕೂಡಲೇ ನನಗೆ ಬೇಕೆನಿಸಿತು. ಗಂಡ ಸುಧೀರ ಹೂಂ ಅಂದ. ಮಾವ ಮಾತ್ರ ಚಹಾದ ಲೋಟ ಕೆಳಗಿಟ್ಟು ಹೇಳಿದರು.

“ಹೊಸ ಮಾಡೆಲ್ ಬಂದ ವರ್ಷವೇ ತೆಗೊಳ್ಳುದು ಬೇಡ ಲತಾ. ನಾಲ್ಕು ಜನ ಓಡಿಸ್ಲಿ. ಅದರ ಗುಣ ಎಂತದು ಅಂತ ಗೊತ್ತಾಗ್ಲಿ.”

“ಮದುವೆಗೆ ಹುಡುಗಿ ನೋಡುವವರ ಹಾಗೆ ಮಾತಾಡ್ತೀರಿ ಮಾವ.”

“ಹುಡುಗಿಯಾದ್ರೆ ಮನೆಗೆ ಬಂದ ಮೇಲೆ ಹೊಂದಿಕೊಳ್ತಾಳೆ. ಇದಕ್ಕೆ ನಾವು ಹೊಂದಿಕೊಳ್ಬೇಕು.”

ನಾವೆಲ್ಲ ನಕ್ಕೆವು. ನಮ್ಮ ಸೊಸೈಟಿಯಲ್ಲಿ ಮನೆಗೊಂದೇ ಪಾರ್ಕಿಂಗ್. ಹೊಸದು ಬರಬೇಕಾದರೆ ಮಾವನ ಹಳೆಯ ಸಣ್ಣ ಕಾರು ಹೋಗಬೇಕಿತ್ತು. ಹೋಯಿತು. ಮಾವ ರಜೆಯ ದಿನಗಳಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಖಾಲಿ ರಸ್ತೆಗಳಲ್ಲಿ ಹೊಸ ಗಾಡಿ ಓಡಿಸಿ ಕಲಿತರು. ಚೆನ್ನಾಗಿಯೇ ಕಲಿತರು — ಇದನ್ನೂ ನಾನು ಆಮೇಲೆ ಯಾರಿಗೂ ಹೇಳಲಿಲ್ಲ.

ನನ್ನ ಆಫೀಸು ಸೀವುಡ್ಸ್‌ನಲ್ಲಿ. ಒಂದು ಸಂಜೆ ನೆಲಮಾಳಿಗೆಯ ಪಾರ್ಕಿಂಗಿನಿಂದ ಮೇಲೆ ಬರುತ್ತಿದ್ದೆ. ಏರಿನ ನಡುವೆ ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು, ಟಿಣ್ ಟಿಣ್ ಎಂದು ಸದ್ದಾಯಿತು, ಗಾಡಿ ತಾನಾಗಿ ನ್ಯೂಟ್ರಲ್‌ಗೆ ಬಿದ್ದು ಎಂಜಿನ್ ನಿಂತಿತು. ಬ್ರೇಕು ಒತ್ತಿದರೆ ಪೆಡಲು ಕಲ್ಲಿನ ಹಾಗೆ ಗಟ್ಟಿ. ಹಿಂದೆ ಯಾರೂ ಇರಲಿಲ್ಲ. ಕೆಳಗಿನ ಸಮತಟ್ಟಿಗೆ ಉರುಳಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಶುರು ಮಾಡಿದರೆ ಏನೂ ಆಗಿಲ್ಲವೆಂಬಂತೆ ಹೊರಟಿತು.

ಸರ್ವಿಸ್ ಸೆಂಟರಿನವರು ಇಟ್ಟುಕೊಂಡರು, ಸಾಫ್ಟ್‌ವೇರ್ ಹೊಸದು ಹಾಕಿ ಕೊಟ್ಟರು. ಸರಿಹೋಯಿತು ಅಂದುಕೊಂಡೆ. ಅದೇ ಏರಿನಲ್ಲಿ ಮತ್ತೆ ಹಾಗೆಯೇ ಆಯಿತು. ಎರಡನೆಯ ಸಲ ಅಲ್ಲಿನವನೊಬ್ಬ ನನ್ನನ್ನು ಬದಿಗೆ ಕರೆದು, ಮರಾಠಿಯಲ್ಲಿ, ದನಿ ತಗ್ಗಿಸಿ ಹೇಳಿದ. ಒಳಗಿನ ಒಂದು ಭಾಗ ಬದಲಾಯಿಸಬೇಕು, ಹೊಸ ಮಾಡೆಲ್ ಆದ್ದರಿಂದ ಸ್ಟಾಕಿನಲ್ಲಿ ಇಲ್ಲ, ಯಾವಾಗ ಬರುತ್ತದೋ ಹೇಳಲಾಗದು, ಅಲ್ಲಿಯವರೆಗೆ ಏರು ರಸ್ತೆಗೆ ಒಯ್ಯಬೇಡಿ ಮ್ಯಾಡಮ್.

ಏರು ರಸ್ತೆಗೆ ಒಯ್ಯಬೇಡಿ. ಇಷ್ಟನ್ನು ನಾನು ಮನೆಯಲ್ಲಿ ಹೇಳಬೇಕಿತ್ತು. ಊಟಕ್ಕೆ ಕೂತಾಗ ಒಂದು ವಾಕ್ಯ. ಹೇಳಲಿಲ್ಲ. ಸರ್ವಿಸ್‌ಗೆ ಕೊಟ್ಟಿದ್ದೆ, ಸಣ್ಣಪುಟ್ಟ ಕೆಲಸ ಇತ್ತು ಅಂದೆ. ಯಾಕೆ — ಇದನ್ನು ನನ್ನಲ್ಲೇ ಎಷ್ಟು ಸಲ ಕೇಳಿಕೊಂಡಿದ್ದೇನೆ. ಉತ್ತರ ಬಹಳ ಸಣ್ಣದು, ಬರೆಯಲು ನಾಚಿಕೆಯಾಗುತ್ತದೆ. ಮಾವ ಹೇಳಿದ್ದೇ ಸರಿಯಾಯಿತಲ್ಲ ಎಂದು ಯಾರೂ ಅನ್ನಬಾರದಿತ್ತು. ಮಾವ ಅನ್ನುತ್ತಿರಲಿಲ್ಲ. ಅವರು ಅನ್ನದೆ ಸುಮ್ಮನಿರುವುದನ್ನೂ ನೋಡಲು ನನಗೆ ಮನಸ್ಸಿರಲಿಲ್ಲ.

ಗಾಡಿ ಜಾರಿದ ಆ ಮುಂಜಾನೆ ಊರಿನಿಂದ ಪದ್ಮತ್ತೆ ಬರುವವರಿದ್ದರು, ಮಾವನ ಒಬ್ಬಳೇ ತಂಗಿ. ಜೊತೆಗೆ ನಾನೂ ಬರುತ್ತೇನೆ ಎಂದು ಹೊರಟೆ. ಹೊರಡುವಾಗ ಮಾಣಕೋಲಿ ಸೇತುವೆಯ ಮೇಲಿಂದ ಹೋಗುವ ಅಂದೆ, ಆ ದಾರಿಯಲ್ಲಿ ಏರಿಲ್ಲ. ಮಾವ, ಅಲ್ಲಿ ಮುಂದೆ ಹೈವೇಯಲ್ಲಿ ಜಾಮ್ ಇರ್ತದೆ, ಬೈಪಾಸೇ ಒಳ್ಳೆಯದು ಅಂದರು. ನಾನು ಮತ್ತೆ ಮಾತಾಡಲಿಲ್ಲ. ಆ ಕ್ಷಣ ಇನ್ನೂ — ಅಲ್ಲಿಯೂ ಒಂದು ವಾಕ್ಯ ಸಾಕಾಗುತ್ತಿತ್ತು.

ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಪದ್ಮತ್ತೆ ಹಿಂದಿನ ಸೀಟಿನಲ್ಲಿ, ಮಡಿಲಲ್ಲಿ ಊರಿನ ಮಟ್ಟುಗುಳ್ಳ ಬದನೆಯ ಚೀಲ. ಗಾಡಿಯೊಳಗೆ ಪಲ್ಲಕ್ಕಿಯಲ್ಲಿ ಕೂತ ಹಾಗಾಗ್ತದೆ, ಅಣ್ಣ ಹೋಟೆಲಿನಲ್ಲಿ ಗಳಿಸಿದ್ದೆಲ್ಲ ಈಗ ಕಾಣ್ತಾ ಉಂಟು ಎಂದು ತಮಾಷೆ ಮಾಡುತ್ತಿದ್ದರು. ಮುಂಬ್ರಾದ ಹತ್ತಿರ ಬೈಪಾಸಿನ ಏರು ಹಿಡಿದೆವು. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕೆಳಗೆ ಊರು, ಹಿಂದೆಮುಂದೆ ಕಂಟೇನರ್ ಲಾರಿಗಳು. ತಿರುವಿನ ಹತ್ತಿರ ಟಿಣ್ ಟಿಣ್ ಕೇಳಿತು.

ನನಗೆ ಗೊತ್ತಾಯಿತು. ಆ ಗಾಡಿಯಲ್ಲಿದ್ದ ಮೂವರಲ್ಲಿ ಏನಾಗುತ್ತಿದೆ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಎಂಜಿನ್ ನಿಂತಿತು, ಗಾಡಿ ಹಿಂದಕ್ಕೆ ಸರಿಯತೊಡಗಿತು. ನಾನು ಕೆಳಗೆ ನೋಡಿದೆ — ಮಾವನ ಬಲಗಾಲು ಬ್ರೇಕಿನ ಮೇಲೆ, ಆಮೇಲೆ ಅದರ ಮೇಲೆ ಎಡಗಾಲೂ, ಎರಡೂ ಕಾಲು ಊರಿ ಸೀಟಿನಿಂದ ಅರ್ಧ ಎದ್ದಿದ್ದರು. ಎಡಗೈ ಮಾತ್ರ ಹಳೆಯ ಗಾಡಿಯಲ್ಲಿ ಕೈಬ್ರೇಕಿನ ಕೋಲಿದ್ದ ಜಾಗವನ್ನು ತಡಕಾಡುತ್ತಿತ್ತು. ಕೈಬ್ರೇಕಿನ ಗುಂಡಿ ನನ್ನ ಕೈಗೆ ಎಟಕುತ್ತಿತ್ತು. ಒತ್ತಬಹುದಿತ್ತು. ನಾನು ಒತ್ತಲಿಲ್ಲ, ನೋಡುತ್ತಾ ಕೂತಿದ್ದೆ.

“ನಿಲ್ಲುದಿಲ್ಲ ಪದ್ಮ,” ಎಂದರು ಮಾವ. ಕೂಗಲಿಲ್ಲ. ಕ್ಷಮೆ ಕೇಳುವವರ ದನಿಯಿತ್ತು.

ಹಿಂದಿನ ಲಾರಿಯವನು ಆದಷ್ಟು ತಡೆದ. ಆದರೂ ನಮ್ಮ ಗಾಡಿಯ ಹಿಂಬದಿ ಅದರ ಮೂತಿಗೆ ಬಡಿದು, ತಿರುಗಿ, ತಡೆಗೋಡೆಗೆ ಉಜ್ಜಿ ನಿಂತಿತು. ಗುಳ್ಳಗಳು ಗಾಡಿಯ ತುಂಬ ಉರುಳಿದ್ದವು. ಪದ್ಮತ್ತೆ ಅಳುತ್ತಿರಲಿಲ್ಲ, ಸೊಂಟ ಹಿಡಿದು ಉಸಿರು ಎಳೆಯುತ್ತಿದ್ದರು. ಆ ಎಳೆಯುವ ಸದ್ದು ಈಗಲೂ ಲೋಕಲ್ ರೈಲಿನ ಗಲಾಟೆಯ ನಡುವೆ ನನಗೆ ಕೇಳಿಬಿಡುತ್ತದೆ.

ಆಸ್ಪತ್ರೆಯಲ್ಲಿ ಸುಧೀರ ನನ್ನ ತೋಳು ಹಿಡಿದು ಏನಾಯಿತು ಎಂದು ಕೇಳಿದ. ಕ್ಲಚ್ಚಿನ ಗಾಡಿ ಓಡಿಸಿದವರಲ್ಲವಾ, ಗಡಿಬಿಡಿಯಲ್ಲಿ ಅವರಿಗೆ ತಿಳಿಯಲಿಲ್ಲ ಕಾಣ್ತದೆ — ಎಂದೆ. ಅಷ್ಟೇ. ಕಾಣ್ತದೆ ಎಂದು ಸೇರಿಸಿದ್ದೆ, ಅದು ಪೂರ್ತಿ ಸುಳ್ಳಾಗದ ಹಾಗೆ. ಸುಧೀರ ಅದನ್ನು ಡಾಕ್ಟರಿಗೆ, ಪೋಲೀಸರಿಗೆ, ಫೋನು ಮಾಡಿದ ನೆಂಟರಿಗೆಲ್ಲ ಹೇಳುತ್ತಾ ಹೋದ, ಕಾಣ್ತದೆ ಎಂಬುದನ್ನು ಬಿಟ್ಟು.

ಪದ್ಮತ್ತೆಗೆ ಆಪರೇಷನ್ ಆಯಿತು. ಅವರು ವಾಕರ್ ಹಿಡಿದು ಊರಿಗೆ ಹೊರಟುಹೋದ ಮೇಲೆ ಒಂದು ಮಧ್ಯಾಹ್ನ ನಾನು ಅಡಿಗೆಮನೆಯಲ್ಲಿ ತೊಂಡೆಕಾಯಿ ಹೆಚ್ಚುತ್ತಿದ್ದೆ. ಮಾವ ಬಾಗಿಲಲ್ಲಿ ಬಂದು ನಿಂತರು.

“ಲತಾ, ನೀನು ಪಕ್ಕದಲ್ಲೇ ಇದ್ದಿಯಲ್ಲ. ನನ್ನ ಕಾಲು ಎಲ್ಲಿತ್ತು?”

ನಾನು ಕತ್ತೆತ್ತಲಿಲ್ಲ. “ನಾನು ಫೋನ್ ನೋಡ್ತಾ ಇದ್ದೆ ಮಾವ.”

“ಹೌದಾ,” ಅಂದರು. “ನನಗೆ ಬ್ರೇಕಿನ ಮೇಲೆಯೇ ಇದ್ದ ಹಾಗೆ ನೆನಪು. ಆದ್ರೆ ಎಲ್ಲರೂ ಹೇಳ್ತಾರಲ್ಲ — ನನ್ನದೇ ತಪ್ಪು ನೆನಪು ಇರ್ಬೇಕು.”

ಅಷ್ಟು ಹೊತ್ತಿಗೆ ಗಾಡಿ ರಿಪೇರಿಯಾಗಿ ಬಂದಿತ್ತು. ಹಿಂಬದಿಯನ್ನು ಬಡಿದು ಸರಿಮಾಡುವಾಗಲೇ, ಕಾಯುತ್ತಿದ್ದ ಆ ಭಾಗವೂ ಬಂದು ಸೇರಿಕೊಂಡಿತ್ತು. ಸರ್ವಿಸ್ ಸೆಂಟರಿನವರು ನನಗೊಬ್ಬಳಿಗೆ ಫೋನು ಮಾಡಿ ತಿಳಿಸಿದ್ದರು. ಮತ್ತೆಂದೂ ಅದು ಏರಿನಲ್ಲಿ ನಿಲ್ಲಲಿಲ್ಲ. ಸುಧೀರ ಅದೇ ಬೈಪಾಸಿನಲ್ಲಿ ಹಲವು ಸಲ ಹೋಗಿ ಬಂದ, ನೋಡಿ, ಗಾಡಿಯಲ್ಲಿ ಏನೂ ತೊಂದರೆ ಇಲ್ಲ ಎಂದ. ದುರಸ್ತಿಯಾದದ್ದೇ ಮಾವನ ವಿರುದ್ಧ ಸಾಕ್ಷಿಯಾಯಿತು.

ಇಲ್ಲಿನ ನಮ್ಮ ಊರಿನವರ ಸಂಘದ ಸತ್ಯನಾರಾಯಣ ಪೂಜೆಯ ದಿನ ಯಾರೋ, ವಾಸಣ್ಣ ಇನ್ನು ಲೈಸನ್ಸಿಗೆ ಫ್ರೇಮ್ ಹಾಕಿ ಗೋಡೆಗೆ ತೂಗಿಸಿಬಿಡಿ ಅಂದರು. ಮಾವನೂ ನಕ್ಕರು. ಊರಿನವರು ಈಗ ಸ್ಟೇಷನ್ನಿನಿಂದ ಟ್ಯಾಕ್ಸಿ ಮಾಡಿಕೊಂಡು ಬರುತ್ತಾರೆ. ಬಂದವರು, ನಿಮಗ್ಯಾಕೆ ತೊಂದರೆ ಅಂತ ಹೇಳಲಿಲ್ಲ ಎನ್ನುತ್ತಾರೆ. ಮೊದಲು ಗಾಡಿ ಬಿಟ್ಟರು. ಆಮೇಲೆ ಬ್ಯಾಂಕಿಗೆ ಒಬ್ಬರೇ ಹೋಗುವುದನ್ನು ಬಿಟ್ಟರು. ಗ್ಯಾಸ್ ಆರಿಸಿದೆನಾ ಎಂದು ನನ್ನನ್ನು ಕೇಳತೊಡಗಿದರು, ಆರಿಸಿ ಅಲ್ಲೇ ನಿಂತಿದ್ದಾಗಲೂ. ತಂಗಿಗೆ ಫೋನು ಮಾಡುವುದು ನಿಂತಿತು. ಅತ್ತ ಕಡೆಯಿಂದ ಬಂದರೆ, ಸ್ನಾನಕ್ಕೆ ಹೋಗಿದ್ದಾರೆ ಅಂತ ಹೇಳು ಎನ್ನುತ್ತಿದ್ದರು.

ಸುಧೀರ ಅವರನ್ನು ಮೆದುಳಿನ ಡಾಕ್ಟರರ ಹತ್ತಿರ ಕರೆದೊಯ್ದ. ಏನೂ ದೋಷವಿಲ್ಲ, ನೆನಪು ಚೆನ್ನಾಗಿದೆ ಎಂದರು ಡಾಕ್ಟರು. ಮಾವ ನಂಬಲಿಲ್ಲ. ಮರುದಿನ ನಾನು ಮಗಳು ಅದಿತಿಯನ್ನು ಮನೆಯಲ್ಲಿ ಬಿಟ್ಟು ತರಕಾರಿಗೆ ಹೊರಟಿದ್ದೆ. ಮಾವ ಹಿಂದೆಯೇ ಲಿಫ್ಟಿನವರೆಗೆ ಬಂದರು.

“ಮಗುವನ್ನೂ ಕರ್ಕೊಂಡು ಹೋಗು. ನನ್ನೊಟ್ಟಿಗೆ ಒಂದನ್ನೇ ಬಿಡಬೇಡ.”

ನಾನು ಅದಿತಿಯನ್ನು ಕರೆದುಕೊಂಡು ಹೋದೆ. ಮಾರ್ಕೆಟ್ಟಿನಲ್ಲಿ ಏನು ಕೊಂಡೆನೋ ತಿಳಿಯದು. ಅವರ ಕೈಯಿಂದ ಗಾಡಿ ಹೋಯಿತು ಅಂದುಕೊಂಡಿದ್ದೆ. ಈ ಮನುಷ್ಯ ಈಗ ತನ್ನ ಕಣ್ಣು, ತನ್ನ ಕೈ, ತನ್ನ ನೆನಪು ಯಾವುದನ್ನೂ ತನ್ನದೆಂದು ನಂಬುತ್ತಿಲ್ಲ. ಅದೆಲ್ಲವನ್ನೂ ನಾನು ತೊಂಡೆಕಾಯಿ ಹೆಚ್ಚುತ್ತಾ, ಕತ್ತೆತ್ತದೆ ಕಿತ್ತುಕೊಂಡಿದ್ದೆ.

ಆ ಭಾನುವಾರ ಹೇಳಿದೆ. ಸುಧೀರನೂ ಇದ್ದ. ಸೀವುಡ್ಸ್‌ನ ಏರು, ಸರ್ವಿಸ್ ಸೆಂಟರಿನವನ ಮಾತು, ಮಾಣಕೋಲಿ, ಬ್ರೇಕಿನ ಮೇಲಿದ್ದ ಎರಡು ಕಾಲು, ನಾನು ಒತ್ತದೆ ಬಿಟ್ಟ ಗುಂಡಿ — ಎಲ್ಲ. ಸುಧೀರ ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಅವನು ನನ್ನೊಡನೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ, ಆಡಬೇಕೆಂದು ನಾನು ಕೇಳಿಯೂ ಇಲ್ಲ. ಮಾವ ಬೈಯಲಿಲ್ಲ.

“ಪದ್ಮನಿಗೆ ಹೇಳಿದ್ದಿಯಾ?”

ಅಷ್ಟೇ ಕೇಳಿದರು. ಅವರ ಎದುರಿಗೇ ಫೋನು ಮಾಡಿ ಮತ್ತೆ ಎಲ್ಲವನ್ನೂ ಹೇಳಿದೆ. ನಾನು ಮುಗಿಸಿದ ಮೇಲೆ ಪದ್ಮತ್ತೆ ಹೇಳಿದರು, ನಿಲ್ಲುದಿಲ್ಲ ಅಂತ ಅಣ್ಣ ಅಂದದ್ದು ನಾನು ಕೇಳಿದ್ದೆ, ಆದರೆ ನೀನು ಹಾಗಂದೆ ಅಂತ ಸುಧೀರ ಹೇಳಿದನಲ್ಲ, ನಾನು ನಿನ್ನನ್ನು ನಂಬಿದೆ. ಆಮೇಲೆ, ಫೋನು ಅಣ್ಣನಿಗೆ ಕೊಡು ಅಂದರು. ನಾನು ಕೊಟ್ಟು ಹೊರಗೆ ಬಂದೆ. ಅಣ್ಣ ತಂಗಿ ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ.

ಹೇಳಿಬಿಟ್ಟರೆ ಹೋದದ್ದು ತಿರುಗಿ ಬರುತ್ತದೆ ಎಂದು ಒಳಗೊಳಗೇ ನಂಬಿದ್ದೆನೇನೋ. ಕಳೆದ ವಾರ ಊರಿನಿಂದ ಭಟ್ಟರೊಬ್ಬರು ಬರುವವರಿದ್ದರು. ನೀವೇ ಹೋಗಿ ಮಾವ, ಹಿಂದೆ ನಾನು ಕೂರುತ್ತೇನೆ ಎಂದು ಒತ್ತಾಯ ಮಾಡಿ ಪಾರ್ಕಿಂಗಿಗೆ ಕರೆದುಕೊಂಡು ಹೋದೆ. ಅವರು ಸ್ಟೀರಿಂಗಿನ ಹಿಂದೆ ಕೂತರು. ಬೆಲ್ಟು ಹಾಕಿದರು. ಕನ್ನಡಿ ಸರಿಮಾಡಿಕೊಂಡರು. ಎಂಜಿನ್ ಶುರುವಾಯಿತು. ಗಾಡಿ ಕದಲಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಆರಿಸಿದರು.

“ನೀನು ಹೇಳಿದ್ದು ನಿಜ ಅಂತ ಗೊತ್ತುಂಟು ಮಾರಾಯ್ತಿ,” ಅಂದರು, ತಿರುಗದೆ. “ಆದ್ರೆ ಕಾಲು ಕೇಳುದಿಲ್ಲ.”

ಇಳಿದು ಕೀಲಿಯನ್ನು ನನ್ನ ಕೈಗೆ ಕೊಟ್ಟು, ಭಟ್ಟರು ಹಸಿದಿರ್ತಾರೆ ಬೇಗ ಹೋಗು ಅಂದರು. ಆಮೇಲೆ ಸಾಲಾಗಿ ನಿಂತ ಗಾಡಿಗಳ ನಡುವೆ, ಒಂದೊಂದರ ಮೇಲೂ ಕೈ ಊರುತ್ತಾ, ಲಿಫ್ಟಿನ ಕಡೆಗೆ ನಡೆದರು.