ಅಪ್ಪನ ಸ್ವೆಟರಿನ ಉದ್ದ ತೋಳು

ಸಿಂಧನೂರಿನಲ್ಲಿ ಕೂತು ಸ್ವೆಟರ್ ಹೆಣೆಯುವವಳನ್ನು ಜನ ಹೇಗೆ ನೋಡುತ್ತಾರೆ ಎಂದು ನನ್ನನ್ನು ಕೇಳಿ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ನಲ್ಲಿ ತಿರುಗಿಸಿದವರು ಕೈ ಸುಟ್ಟುಕೊಳ್ಳುವ ಊರು ಇದು. ಅಂಥ ಊರಿನ ಕಟ್ಟೆಯ ಮೇಲೆ ಮಡಿಲಲ್ಲಿ ಉಲ್ಲನ್ ಉಂಡೆ ಇಟ್ಟುಕೊಂಡು ಕೂತರೆ, ಜನ ನನ್ನನ್ನು ಏನೂ ಅನ್ನುವುದಿಲ್ಲ. ನನ್ನ ಗಂಡನನ್ನು ಹಿಡಿದು, "ಮನಿಯಾಗ ಎಲ್ಲಾ ಆರಾಮ ಅದಾರಿಲ್ರೀ?" ಎಂದು ಕೇಳುತ್ತಾರೆ. ಆತ ಬಹಳ ಗಂಭೀರವಾಗಿ, "ಏನೋ ನಡದೈತ್ರೀ" ಎನ್ನುತ್ತಾನೆ.

ಇಲ್ಲಿ ಉಲ್ಲನ್ ಮಾರುವುದು ಬಳೆ ಅಂಗಡಿಯವರು, ಅದೂ ಬಾಗಿಲ ತೋರಣ ಮಾಡುವವರಿಗಾಗಿ. ಹೀಗಾಗಿ ಸಿಗುವ ಬಣ್ಣಗಳೂ ತೋರಣದವೇ: ಕಣ್ಣಿಗೆ ಹೊಡೆಯುವ ಗುಲಾಬಿ, ಗಿಳಿ ಹಸಿರು. ಮೆತ್ತನೆಯ ಒಳ್ಳೆಯ ಉಲ್ಲನ್ ಬೇಕೆಂದರೆ ರಾಯಚೂರಿಗೆ ಹೋಗಬೇಕು. ರಾಯಚೂರಿನಲ್ಲಿ ಯಾರದಾದರೂ ಮದುವೆ ಇದ್ದರೆ ನಾನು ಹೊರಡುವ ಉತ್ಸಾಹ ನೋಡಿ, ಹೆಣ್ಣಿನ ಕಡೆಯವರೇ ನಾಚಬೇಕು.

ನನಗೆ ಹೆಣಿಗೆ ಕಲಿಸಿದ್ದು ಪಕ್ಕದ ಮನೆಯ ಮಾಸಿ. ಆಕೆ ಊರ ಹತ್ತಿರ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ ಬೆಳೆದ ಬಂಗಾಳಿ ಹೆಂಗಸು. ಮಗ ಸಿಂಧನೂರಿನಲ್ಲಿ ಮನೆ ಮಾಡಿದ ಮೇಲೆ ನಮ್ಮ ಓಣಿಗೆ ಬಂದಳು. ಅವರ ಭಾಷೆಯಲ್ಲಿ ಮಾಸಿ ಎಂದರೆ ತಾಯಿಯ ಅಕ್ಕತಂಗಿ. ನಮ್ಮ ಓಣಿಗೆಲ್ಲ ಆಕೆ ಮಾಸಿಯೇ. ಆಕೆಯ ಕನ್ನಡ ನಮ್ಮದರಷ್ಟೇ ಗಟ್ಟಿ, ಆದರೆ ಹೆಣಿಗೆಯ ಮಾತುಗಳನ್ನು ಮಾತ್ರ ತನ್ನ ಭಾಷೆಯಿಂದ ಎತ್ತಿ ತಂದು ಕನ್ನಡದಲ್ಲಿ ಇಟ್ಟಿದ್ದಳು. ಕಡ್ಡಿಯ ಮೇಲಿನ ಒಂದೊಂದು ಕುಣಿಕೆಯನ್ನೂ ಅವರಲ್ಲಿ ಮನೆ ಎನ್ನುತ್ತಾರಂತೆ. ಹೆಣಿಗೆ ಶುರು ಮಾಡುವುದೆಂದರೆ ಮನೆ ಎಬ್ಬಿಸುವುದು, ಮುಗಿಸುವುದೆಂದರೆ ಮನೆ ಮುಚ್ಚುವುದು. ಕುಣಿಕೆ ಕಡ್ಡಿಯಿಂದ ಜಾರಿತೋ, ಮನೆ ಬಿತ್ತು. "ನೋಡ್ಕೊಂಡು ಹೆಣಿ, ಒಂದು ಮನಿ ಬಿದ್ರ ಸಾಲಿಗೆ ಸಾಲೇ ಬಿಚ್ಚಿಕೋತ ಹೋಗ್ತೈತಿ" ಎಂದು ಆಕೆ ದಿನಕ್ಕೆ ನೂರು ಸಲ ಹೇಳುತ್ತಿದ್ದಳು.

ನಾನು ಮೊದಲು ಹೆಣೆದ ದೊಡ್ಡ ವಸ್ತು ಅಪ್ಪನ ಸ್ವೆಟರು, ಇಟ್ಟಂಗಿ ಬಣ್ಣದ್ದು. ಅದರ ಎಡತೋಳು ಹೆಣೆಯುವಾಗಲೇ ನನ್ನನ್ನು ಲಿಂಗಸುಗೂರಿನ ಕಚೇರಿಗೆ ವರ್ಗ ಮಾಡಿದ್ದರು. ಮಗಳ ಶಾಲೆ, ಮನೆ ಎಲ್ಲ ಸಿಂಧನೂರಿನಲ್ಲಿ. ನಾನು ಮಾತ್ರ ದಿನಾ ಮಸ್ಕಿ ದಾಟಿ ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗಿಬರಬೇಕು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಆ ಸಿಟ್ಟನ್ನೆಲ್ಲ ದಾರಕ್ಕೆ ಹಾಕಿ ಜಗ್ಗಿ ಜಗ್ಗಿ ಹೆಣೆದೆ. ಬಲತೋಳಿಗೆ ಬರುವಷ್ಟರಲ್ಲಿ ಕಿಟಕಿಯ ಸೀಟು ಕಾಯಂ ಆಗಿತ್ತು, ದಿನಾ ಬರುವವರ ಪರಿಚಯವಾಗಿತ್ತು, ಮನೆಯಲ್ಲಿ ಸಿಗದ ಪುರುಸೊತ್ತು ಬಸ್ಸಿನಲ್ಲಿ ಸಿಗುತ್ತಿತ್ತು. ಕೈ ಸಡಿಲಾಯಿತು. ಮುಗಿಸಿ ನೋಡಿದರೆ ಎಡತೋಳಿಗಿಂತ ಬಲತೋಳು ಒಂದು ಗೇಣು ಉದ್ದ. ಮಾಸಿ ಎರಡನ್ನೂ ಹಿಗ್ಗಿಸಿ ನೋಡಿ, "ಇದು ಸಿಟ್ಟಿನ ಕೈ, ಇದು ಖುಷಿ ಕೈ. ಮನಿ ಎಣಿಕಿ ಎಲ್ಲಾ ಬರೋಬರ್ ಐತಿ, ನೀನ ಬರೋಬರ್ ಇಲ್ಲ" ಎಂದಳು.

ಬಿಚ್ಚಿ ಮತ್ತೆ ಹೆಣೆಯುತ್ತೇನೆಂದರೆ ಅಪ್ಪ ಕೊಡಲೇ ಇಲ್ಲ. ಅಪ್ಪ ಅವ್ವ ಇರುವ ಮಸ್ಕಿಯಲ್ಲಿ ಚಳಿ ಅನ್ನುವಂಥದ್ದು ಬಂದರೆ ನಾಲ್ಕಾರು ವಾರ. ಆ ಅಷ್ಟೂ ದಿನ ಅಪ್ಪ ಆ ಸ್ವೆಟರನ್ನೇ ತೊಟ್ಟ. ಉದ್ದ ತೋಳನ್ನು ಮೇಲಕ್ಕೆ ಮಡಚಿ ಆ ಮಡಿಕೆಯಲ್ಲಿ ಅಡಿಕೆ ಚೀಟಿ ಇಟ್ಟುಕೊಳ್ಳುತ್ತಿದ್ದ. "ನನ್ನ ಮಗಳು ಅಂಗಿ ಹೆಣಿಯೋವಾಗ ಕಿಸೇನೂ ಕೂಡಿಸಿ ಹೆಣದಾಳ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ. ಹೊಗಳಿಕೆಯೋ ಗೇಲಿಯೋ ಎಂದು ಕೇಳುವ ಧೈರ್ಯ ನಾನು ಮಾಡಲಿಲ್ಲ.

ಬಸ್ಸಿನಲ್ಲಿ ನನಗೆ ಹೆಸರು ಬಂದದ್ದು ಒಂದು ಮಳೆಗಾಲದ ಬೆಳಿಗ್ಗೆ. ಎರಡು ದಿನದಿಂದ ಜಿಟಿಜಿಟಿ ಮಳೆ, ಹಳ್ಳಿಗಳಲ್ಲಿ ಮಣ್ಣಿನ ಮಾಳಿಗೆ ಕುಸಿದ ಸುದ್ದಿ ಬರುತ್ತಲೇ ಇತ್ತು. ಮಸ್ಕಿಗೆ ಇನ್ನೇನು ಬಂದೆವು ಅನ್ನುವಾಗ ಬಸ್ಸು ಗುಂಡಿಗೆ ಇಳಿದು ಎದ್ದಿತು. ನನ್ನ ಕಡ್ಡಿ ಜಾರಿತು. "ಅಯ್ಯಯ್ಯೋ, ಮನಿ ಬಿತ್ತು!" ಎಂದು ಚೀರಿದೆ. ಆ ಹೊತ್ತಿಗೆ ಸರಿಯಾಗಿ ನನ್ನ ಕಿವಿಗೂ ಹೆಗಲಿಗೂ ನಡುವೆ ಮೊಬೈಲೂ ಇತ್ತು.

ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. "ಯಾವಾಗ ಬಿತ್ರೀ ಅಕ್ಕಾರ? ಒಳಗ ಯಾರೂ ಇರಲಿಲ್ಲಲ್ರೀ?" ಎಂದು ಓಡಿ ಬಂದ. ಹಿಂದಿನ ಸೀಟಿನ ಮುದುಕಿ ನನ್ನ ಬೆನ್ನು ಸವರತೊಡಗಿದಳು. "ಜೀವ ಉಳದ್ರ ಸಾಕವ್ವ, ಮನಿ ಮತ್ತ ಕಟ್ಟಿದ್ರಾತು." ಡ್ರೈವರ್ ತಿರುಗಿ ನೋಡಿ, ಬಸ್ಸು ವಾಪಸ್ ತಿರುಗಿಸಲೇನು ಎಂಬಂತೆ ಮುಖ ಮಾಡಿದ. ನಾನು ಕಡ್ಡಿ ಎತ್ತಿ, ಜಾರಿದ ಕುಣಿಕೆ ತೋರಿಸಿ, "ಇದರೀ... ಈ ಮನಿ" ಎಂದೆ.

ಬೆನ್ನು ಸವರುತ್ತಿದ್ದ ಮುದುಕಿಯೇ ಮೊದಲು ನಕ್ಕಳು. ಮಸ್ಕಿ ಬಸ್‌ ಸ್ಟ್ಯಾಂಡಿಗೆ ಹೋಗುವತನಕ ಬಸ್ಸಿಗೆ ಬಸ್ಸೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವತ್ತಿನಿಂದ ನಾನು ಹತ್ತಿದರೆ ಸಾಕು, ಕಂಡಕ್ಟರ್, "ಹ್ಯಾಂಗ್ರೀ ಅಕ್ಕಾರ, ಮನಿ ಎಲ್ಲಾ ನಿಂತಾವಿಲ್ರೀ?" ಎನ್ನುತ್ತಿದ್ದ. ಆತನ ಟಿಕೆಟ್ ಮಷೀನಿಗೆ ಗಿಳಿ ಹಸಿರಿನ ಚೀಲವೊಂದನ್ನು ಹೆಣೆದುಕೊಟ್ಟೆ. ಅದನ್ನು ಕೊರಳಿಗೆ ಹಾಕಿಕೊಂಡು ಆತ ಮದುಮಗನಂತೆ ಓಡಾಡುತ್ತಿದ್ದ.

ನನ್ನ ತಂಗಿ ಹಟ್ಟಿಯಲ್ಲಿರುತ್ತಾಳೆ. ಆಕೆಯ ಗಂಡನಿಗೆ ಚಿನ್ನದ ಗಣಿಯಲ್ಲಿ ಪಾಳಿ ಕೆಲಸ. ಎರಡು ಸಲ ಬಸುರಿಯಾಗಿ ಎರಡು ಸಲವೂ ಕೂಸು ಕೈಗೆ ಬಂದಿರಲಿಲ್ಲ. ಆಮೇಲೆ ಆಕೆ ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದಳು. ಮೂರನೆಯ ಸಲ ದಿನ ನಿಂತದ್ದನ್ನು ನಮಗೆ ಹೇಳಿದ್ದೇ ತಡವಾಗಿ. ಏಳನೆಯ ತಿಂಗಳಿಗೆ ಮಸ್ಕಿಗೆ, ತವರಿಗೆ, ಬಂದಳು. ಬಂದವಳೇ, "ಅಕ್ಕಾ, ಏನೂ ತರಬ್ಯಾಡ, ಏನೂ ಹೆಣಿಬ್ಯಾಡ. ಈ ಸರ್ತಿ ಏನೂ ಬ್ಯಾಡ" ಎಂದಳು. ಅವ್ವನೂ ಅದನ್ನೇ ಹೇಳಿದಳು. ಹುಟ್ಟುವ ಮೊದಲು ಕೂಸಿಗೆ ಬಟ್ಟೆ ಮಾಡಬಾರದು ಅನ್ನುವುದು ನಮ್ಮಲ್ಲಿ ಮೊದಲಿನಿಂದ ಬಂದ ಮಾತು.

ನಾನು ಹೂಂ ಎಂದೆ. ಆದರೆ ಕೈ ಕೇಳಬೇಕಲ್ಲ? ರಾಯಚೂರಿನಿಂದ ತಂದ ಎಳೆ ಹಳದಿ ಉಲ್ಲನ್ ಕಪಾಟಿನಲ್ಲಿ ಕೂತು ದಿನಾ ಕರೆಯುತ್ತಿತ್ತು. ಬಸ್ಸಿನಲ್ಲಿ ಕೂಸಿನ ತಲೆಗೆ ಒಂದು ಸಣ್ಣ ಕುಲಾಯಿ ಶುರು ಮಾಡಿದೆ. ಕೇಳಿದವರಿಗೆ, ಚಹಾದ ಥರ್ಮಾಸಿನ ಮುಚ್ಚಳಕ್ಕೆ ಟೊಪ್ಪಿಗೆ ಎಂದೆ.

ಒಂದು ಸಂಜೆ ಕಚೇರಿಯಿಂದ ಬರುವಾಗ ಮಸ್ಕಿಯಲ್ಲಿ ಇಳಿದು ತಂಗಿಯನ್ನು ನೋಡಲು ಹೋದೆ. ಆಕೆ ಒಳಗೆ ಮಲಗಿದ್ದಳು. ಡಬ್ಬಿ ತೊಳೆದಿಡುತ್ತೇನೆಂದು ಅವ್ವ ನನ್ನ ಚೀಲಕ್ಕೆ ಕೈ ಹಾಕಿದಳು. ಡಬ್ಬಿಯ ಬದಲು ಕುಲಾಯಿ ಬಂತು.

"ಇದೇನಿದು?"

"ಥರ್ಮಾಸಿಂದು."

"ಯಾರ ಮುಂದ ಹೇಳಾಕತ್ತೀ? ಬ್ಯಾಡ ಅಂದ್ರ ತಿಳಿಯಂಗಿಲ್ಲೇನು ನಿನಗ?"

ನನಗೂ ಸಿಟ್ಟು ಬಂತು. ಈ ಕಾಲದಲ್ಲೂ ಇಂಥವನ್ನೆಲ್ಲ ನಂಬುತ್ತಾರೆಯೇ, ಒಂದು ಟೊಪ್ಪಿಗೆಯಿಂದ ಏನಾಗುತ್ತದೆ ಎಂದು ದನಿ ಏರಿಸಿದೆ. ಅವ್ವ ದನಿ ಏರಿಸಲಿಲ್ಲ. "ಎರಡೂ ಸರ್ತಿ ನಾ ಮೊದಲೇ ಕುಲಾಯಿ ಹೊಲದಿಟ್ಟಿದ್ನಿ" ಎಂದಳು. "ಯಾರಿಗೂ ಹೇಳಿಲ್ಲ. ಟ್ರಂಕಿನಾಗ ಹಂಗ ಅದಾವು. ಆಕೀಗೆ ತೋರಸಾಕ ಆಗಂಗಿಲ್ಲ, ಒಗಿಯಾಕೂ ಆಗಂಗಿಲ್ಲ."

ಅವ್ವ ಇಷ್ಟು ದಿನ ಇದನ್ನು ಒಬ್ಬಳೇ ಹೊತ್ತುಕೊಂಡಿದ್ದಳೆಂದು ಸಂಕಟವಾಯಿತು. ಹಾಗಲ್ಲ, ನಿನ್ನಿಂದ ಏನೂ ಆಗಿಲ್ಲ ಎಂದು ಹೇಳಿದರೆ ಆಕೆ ಕೇಳುವವಳಲ್ಲ. ಅವಳ ಮುಂದೆಯೇ ಕಡ್ಡಿ ಎಳೆದು, ದಾರ ಹಿಡಿದು ಜಗ್ಗಿದೆ. ಹಳದಿ ದಾರ ಗೋಜಲಾಗಿ ನೆಲದ ಮೇಲೆ ಬಿತ್ತು. ಅದನ್ನು ಅಲ್ಲಿಯೇ ಬಿಟ್ಟು ಬಸ್ಸಿಗೆ ನಡೆದೆ.

ಮುಂದಿನ ಭಾನುವಾರ ಹೋದಾಗ ಅಪ್ಪ ಕಟ್ಟೆಯ ಮೇಲೆ ಸ್ವೆಟರು ಹರವಿಕೊಂಡು ಕೂತಿದ್ದ. ಚಳಿ ಆಗಷ್ಟೇ ಶುರುವಾಗಿತ್ತು. ಅವ್ವನನ್ನು ಕರೆದು ಕೇಳಿದ: "ಕೂಸಿಗೆ ಮೊದಲ ಹಳೇ ಅರಿವಿ ಹಾಕೋದು ಹೌದಲ್ಲೋ?"

"ಹೌದು. ಹಳೇದಕ್ಕ ದೋಷ ಇಲ್ಲ."

"ಇದು ಹಳೇದು ಹೌದಲ್ಲೋ?"

ಅವ್ವ ಸ್ವೆಟರು ನೋಡಿದಳು, ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಅಪ್ಪ ಮಡಿಕೆಯೊಳಗಿನ ಅಡಿಕೆ ಚೀಟಿ ತೆಗೆದು ಉದ್ದ ತೋಳನ್ನು ನನ್ನ ಕಡೆ ಚಾಚಿ, "ಖುಷಿ ಕೈ ಬಿಚ್ಚವ್ವ. ಸಿಟ್ಟಿಂದು ನನಗ ಇರಲಿ" ಎಂದ. ಮಾಸಿ ಅಂದ ಮಾತನ್ನು ನಾನು ಯಾವಾಗಲೋ ನಗುತ್ತಾ ಹೇಳಿದ್ದೆ. ಅಪ್ಪ ಅದನ್ನು ಮರೆತಿರಲಿಲ್ಲ.

ಅವ್ವ ಕಡೆಗೆ ಒಪ್ಪಿದಳು, ಆದರೆ ಅರ್ಧಕ್ಕೆ. "ಬಿಚ್ಚು, ತೊಳಿ, ಸುತ್ತಿಡು. ಹೆಣಿಬ್ಯಾಡ. ಕೂಸು ಅತ್ತದ್ದು ಕಿವಿಲೆ ಕೇಳಿದ ಮ್ಯಾಲ ಮನಿ ಎಬ್ಬಸು." ಒಳಗಿನಿಂದ ತಂಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬ್ಯಾಡ ಎನ್ನಲಿಲ್ಲ.

ತೋಳು ಬಿಚ್ಚಿದೆ. ಅಡಿಕೆಯ ವಾಸನೆ ಹೋಗುವತನಕ ದಾರ ತೊಳೆದೆ. ವರ್ಷಗಟ್ಟಲೆ ಅಪ್ಪನ ಮೈಮೇಲೆ ಇದ್ದು ಇದ್ದು ಅದು ರಾಯಚೂರಿನ ಹೊಸ ಉಲ್ಲನ್ನಿಗಿಂತ ಮೆತ್ತಗಾಗಿತ್ತು. ಉಂಡೆ ಸುತ್ತಿ, ಕಡ್ಡಿ ಸಮೇತ ಚೀಲದಲ್ಲಿಟ್ಟುಕೊಂಡು ದಿನಾ ಬಸ್ಸು ಹತ್ತಿದೆ. ಖಾಲಿ ಕೈಯಲ್ಲಿ ಕೂರುವುದು ಎಂಥ ಶಿಕ್ಷೆ ಎಂದು ಹೆಣೆಯುವವರಿಗೇ ಗೊತ್ತು. ಯಾಕ್ರೀ ಖಾಲಿ ಕುಂತೀರಿ ಎಂದು ಕೇಳಿದ ಕಂಡಕ್ಟರಿಗೆ ನಿಜ ಹೇಳಿದೆ. ಆಮೇಲೆ ಆತ ದಿನಾ ಹುಬ್ಬು ಎತ್ತಿ ಕೇಳುವುದು, ನಾನು ಇನ್ನೂ ಇಲ್ಲ ಎಂದು ತಲೆ ಆಡಿಸುವುದು ನಡೆಯಿತು.

ಆ ಬೆಳಿಗ್ಗೆ ಎದ್ದಾಗಲೇ ಫೋನು ಬಂದಿತ್ತು: ನೋವು ಶುರುವಾಗಿ ತಂಗಿಯನ್ನು ಲಿಂಗಸುಗೂರಿನ ಆಸ್ಪತ್ರೆಗೆ ಸೇರಿಸಿದ್ದರು. ಬಸ್ಸಿನಲ್ಲಿ ಚೀಲವನ್ನು ಮಡಿಲಲ್ಲಿ ಅವುಚಿಕೊಂಡು ಕೂತೆ. ಮಸ್ಕಿ ದಾಟಿ ಸ್ವಲ್ಪ ಹೊತ್ತಿಗೆ ಫೋನು ಹೊಡೆದುಕೊಂಡಿತು. ಅವ್ವನ ನಂಬರ್. ಎತ್ತಿದೆ. ಗಜಿಬಿಜಿ ಸದ್ದಿನ ನಡುವೆ, ಸಿಟ್ಟಿಗೆದ್ದ ಬೆಕ್ಕಿನ ಮರಿಯಂಥ ಒಂದು ಅಳು ಕೇಳಿತು. ಅವ್ವ ಫೋನನ್ನು ಕೂಸಿನ ಬಾಯಿಯ ಹತ್ತಿರ ಹಿಡಿದಿದ್ದಳು. ಆಮೇಲೆ ಅವ್ವನ ದನಿ: "ಕೇಳಿದೇನು?"

ಕೇಳಿದೆ ಎಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಬಸ್ಸಿನಲ್ಲಿ ಎಲ್ಲರೆದುರು ಅತ್ತೆ. ಕಂಡಕ್ಟರ್ ಬಂದು ನನ್ನ ಮುಖ ನೋಡಿ ಹೆದರಿದ. ನಾನು ಚೀಲದಿಂದ ಕಡ್ಡಿ ತೆಗೆದೆ. ಅಷ್ಟೇ ಸಾಕಾಯಿತು. "ಡ್ರೈವರಣ್ಣಾ, ಗುಂಡಿ ನೋಡ್ಕೊಂಡು ಹೊಡಿ, ಅಕ್ಕಾರು ಮನಿ ಎಬ್ಬಸಾಕತ್ತಾರ!" ಎಂದು ಕೂಗಿದ.

ಲಿಂಗಸುಗೂರು ಬರುವಷ್ಟರಲ್ಲಿ ಕುಲಾಯಿ ಅರ್ಧವಾಗಿತ್ತು. ಆಸ್ಪತ್ರೆಯ ವರಾಂಡದಲ್ಲಿ ಅಪ್ಪ ಒಂದು ತೋಳಿನ ಸ್ವೆಟರು ತೊಟ್ಟು ಕೂತಿದ್ದ. ಬಲಗೈ ಚಳಿಗೆ ಮುಳ್ಳೆದ್ದಿತ್ತು, ಮುಖ ಮಾತ್ರ ಹಬ್ಬದ್ದು. ಅವನ ಪಕ್ಕದಲ್ಲೇ ಕೂತು ಕುಲಾಯಿ ಮುಗಿಸಿದೆ. ಅವ್ವ ಎರಡು ಸಲ ಬಾಗಿಲಿಗೆ ಬಂದು, "ಇನ್ನೂ ಆಗಲಿಲ್ಲೇನು? ಕೂಸಿನ ತಲಿ ತಣ್ಣಗ ಐತಿ, ಜಲ್ದಿ ಮಾಡು" ಎಂದು ಬೈದು ಹೋದಳು. ಮೂರು ತಿಂಗಳು ನನ್ನ ಕೈ ಕಟ್ಟಿಹಾಕಿದವಳು ಈಕೆಯೇ!

ಹೆಣ್ಣು ಕೂಸು. ಅವ್ವನ ಹಳೆ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಮಲಗಿತ್ತು. ತಂಗಿಯೇ ಕುಲಾಯಿ ತೊಡಿಸಿದಳು. ಕಿವಿಯತನಕ ಸರಿಯಾಗಿ ಇಳಿಯಿತು. ತಂಗಿ ಬೆರಳಾಡಿಸಿ ನೋಡುತ್ತಾ, "ಅಕ್ಕಾ, ಇಲ್ಲೊಂದು ಮನಿ ಬಿದ್ದೈತಿ ನೋಡು" ಎಂದಳು.

ಆ ಕೋಣೆಯಲ್ಲಿ, ಆಕೆಯ ಬಾಯಿಂದ, ಆ ಮಾತು! ನೋಡಿದರೆ ತಂಗಿ ನಗುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಆಕೆ ಹಲ್ಲು ಕಾಣುವಂತೆ ನಕ್ಕದ್ದು. "ಬಸ್ಸು ಗುಂಡ್ಯಾಗ ಇಳಿದಾಗ ಬಿದ್ದಿರಬೇಕು, ಬಿಚ್ಚಿ ಸರಿ ಮಾಡ್ತೀನಿ ತಾ" ಎಂದು ಕೈ ಚಾಚಿದೆ. "ಬ್ಯಾಡ, ಮುಟ್ಟಬ್ಯಾಡ, ಮಲಗ್ಯಾಳ" ಎಂದು ಕುಲಾಯಿಯ ಮೇಲೆ ಕೈ ಮುಚ್ಚಿದಳು.

ಅಷ್ಟರಲ್ಲಿ ಅವ್ವ ತನ್ನ ಚೀಲದ ತಳಕ್ಕೆ ಕೈ ಹಾಕಿ ಒಂದು ಉಂಡೆ ತೆಗೆದಳು. ಎಳೆ ಹಳದಿ ಉಲ್ಲನ್. ನಾನು ನೆಲದ ಮೇಲೆ ಬಿಟ್ಟುಬಂದ ಗೋಜಲನ್ನು ಗಂಟು ಬಿಡಿಸಿ, ಸುತ್ತಿ, ಇಷ್ಟು ದಿನ ಇಟ್ಟುಕೊಂಡಿದ್ದಳು. ಹೆಣೆಯಲು ಬಾರದವರು ಸುತ್ತಿದಂತೆ ಬಿಗಿಯಾಗಿ, ಸೊಟ್ಟಸೊಟ್ಟಾಗಿ ಸುತ್ತಿದ್ದಳು. ನನ್ನ ಮಡಿಲಲ್ಲಿ ಅದನ್ನಿಟ್ಟು ಹೇಳಿದಳು:

"ತಗೋ. ಈಗ ಹೊಸಾದು ಹೆಣಿ."