ತಮ್ಮನ ಕಿವಿಯಲ್ಲಿ ನನ್ನ ಸ್ವರ

ನಾನು ಬಾಯಿಬಡುಕಿ. ಇದನ್ನು ಅಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ಈಗ ಮುಚ್ಚಿಡುವಂಥದ್ದೇನಿಲ್ಲ. ಈ ಬಾಯಿಯಿಂದಾಗಿಯೇ ನನಗೆ ತಮ್ಮನ ರೇಸಿನಲ್ಲಿ ಕೆಲಸ ಸಿಕ್ಕಿತು. ಮೊದಲು ಆ ಕೆಲಸ ಮಾಡುತ್ತಿದ್ದವನು ಅಪ್ಪನ ಜೊತೆ, ನಾವಿರುವ ಕೊಲ್ಲಿ ದೇಶದ ಶುಐಬಾದಲ್ಲಿ ದುಡಿಯುವ ಒಬ್ಬ ಪಾಕಿಸ್ತಾನಿ ಭಾಯಿ. ರೇಸು ಬಿಸಿಯಾಗುತ್ತಿದ್ದಂತೆ ಅವನು ಸೂಚನೆ ಕೊಡುವುದನ್ನು ಬಿಟ್ಟು ದೇವರನ್ನು ಕರೆಯಲು ಶುರುಮಾಡುತ್ತಿದ್ದ. ಒಂದು ದಿನ ಊಟ ಮಾಡುತ್ತ ತಮ್ಮ ಹೇಳಿದ, "ಅಕ್ಕ, ಎನಿವೇ ನೀನು ದಿನಾ ನಂಗೆ ಬೈತೀಯಲ್ಲ. ಸೇಮ್ ಥಿಂಗ್, ರೇಡಿಯೋದಲ್ಲಿ ಮಾಡು."

ನೋಡಲು ರಸ್ತೆಯ ಕಾರುಗಳಂತೆಯೇ ಇದ್ದು, ಒಳಗೆ ಕಬ್ಬಿಣದ ಪಂಜರ ಕಟ್ಟಿದ ಭಾರೀ ಅಮೆರಿಕನ್ ಕಾರುಗಳು ಇವು. ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಎಡಕ್ಕೇ ತಿರುಗುತ್ತ ಓಡುತ್ತವೆ. ಸ್ಟಾಕ್ ಕಾರ್ ರೇಸು ಒಂದಕ್ಕೊಂದು ತಾಗಿಸಿಕೊಂಡೇ ಆಡುವ ಆಟ. ಚಾಲಕನನ್ನು ಸೀಟಿಗೆ ಬಿಗಿದು, ತಲೆ ಅಲುಗಾಡದಂತೆ ಹೆಲ್ಮೆಟ್ಟಿಗೂ ಪಟ್ಟಿ ಹಾಕಿರುತ್ತಾರೆ. ಪಕ್ಕಕ್ಕೆ ಯಾರು ಬಂದರೆಂದು ಅವನಿಗೆ ಕಾಣುವುದಿಲ್ಲ. ಟ್ರ್ಯಾಕಿನ ಪಕ್ಕದ ಗೋಪುರದ ಮೇಲೆ ನಿಂತವರು ನೋಡಿ ರೇಡಿಯೋದಲ್ಲಿ ಹೇಳಬೇಕು; ನನಗೆ ಸಿಕ್ಕ ಕೆಲಸ ಅದೇ. ಹೇಳಿದ್ದನ್ನು ಅವನು ಮಾಡಬೇಕು, ಯಾಕೆ ಎಂದು ಕೇಳಬಾರದು. ಕೇಳಿ ಉತ್ತರ ಪಡೆಯುವಷ್ಟರಲ್ಲಿ ಗೋಡೆ ಬಂದಿರುತ್ತದೆ.

ರೇಡಿಯೋವನ್ನು ಬೇರೆ ತಂಡದವರೂ ಕೇಳಿಸಿಕೊಳ್ಳಬಹುದಾದ್ದರಿಂದ ನಾವು ತುಳುವಿನಲ್ಲಿ ಮಾತಾಡುತ್ತಿದ್ದೆವು. ಮನೆಯಲ್ಲಿ ತುಳುವಿನಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗ, ಕಾರಿನಲ್ಲಿ ಕೂತರೆ ಅಜ್ಜಿಯ ಮೊಮ್ಮಗನಾಗುತ್ತಿದ್ದ. "ಉಲಯಿ ಉಂಡು" ಎಂದರೆ ಒಳಮಗ್ಗುಲಲ್ಲಿ ಕಾರಿದೆ. "ಬಲ" ಎಂದರೆ ಕಾರಿಗೇನೋ ಆಗಿದೆ, ಟ್ರ್ಯಾಕು ಬಿಟ್ಟು ನಮ್ಮ ಬಳಿಗೆ ಬಾ. ಪ್ರತಿಯೊಂದಕ್ಕೂ ಅವನ ಉತ್ತರ ಒಂದೇ, "ಆವು." ಸರಿ ಎಂದರ್ಥ. ನನ್ನ ಮಾತು ಮುಗಿಯುವ ಮೊದಲೇ ಅದು ಬಂದಿರುತ್ತಿತ್ತು. ವಾರವಿಡೀ ಮಿರ್ಕಾಬಿನ ಆಫೀಸಿನಲ್ಲಿ ಯೆಸ್ ಸರ್ ಎನ್ನುತ್ತಿದ್ದ ನನಗೆ ಶುಕ್ರವಾರ ಮಧ್ಯಾಹ್ನ ಮಾತ್ರ ನನ್ನ ಮಾತಿಗೆ ಬೆಲೆಯಿದೆ ಅನ್ನಿಸುತ್ತಿತ್ತು. ನನ್ನ ತಮ್ಮ ಗೆಲ್ಲುತ್ತಿದ್ದ. ಮಾಲ್‌ನ ಪುಟ್ಟ ಕಾರುಗಳಲ್ಲಿ ಶುರುಮಾಡಿದವನು ಇಪ್ಪತ್ತೆರಡಕ್ಕೇ ದೊಡ್ಡವರ ಬೆವರಿಳಿಸುತ್ತಿದ್ದ. ಹೊರದೇಶದ ಒಂದು ತಂಡ ಅವನನ್ನು ನೋಡಲು ಬರುತ್ತದೆಂದು ಗೊತ್ತಾದಾಗ ಅಮ್ಮ ಫಿಂಟಾಸಿನ ನಮ್ಮ ಕಟ್ಟಡದಲ್ಲಿ ಒಂದು ಬಾಗಿಲನ್ನೂ ಬಿಡದೆ ಸಿಹಿ ಹಂಚಿದಳು.

ಅದಾದ ಸ್ವಲ್ಪ ದಿನಕ್ಕೆ ಅವನ ಕಾರು ಗೋಡೆಗೆ ಬಡಿಯಿತು. ಹಿಂದಿನವನು ತಳ್ಳಿದ ಏಟಿಗೆ ಪಕ್ಕಕ್ಕೆ ತಿರುಗಿ ಬಡಿದದ್ದು. ಅವನು ತಾನೇ ಇಳಿದು ಕೈ ಬೀಸಿದ. ಟೆಂಟಿನಲ್ಲಿದ್ದ ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು, ಇವತ್ತು ಯಾವ ವಾರ ಎಂದು ಕೇಳಿದರು. ಶುಕ್ರವಾರ ಎಂದ. ಸರಿ, ಹೋಗಬಹುದು ಎಂದರು. ನಾವು ರೇಸಿಗೆ ಬರುವುದೇ ಶುಕ್ರವಾರ. ತಲೆ ಎರಡು ಹೋಳಾಗಿದ್ದರೂ ಅವನು ಅದನ್ನೇ ಹೇಳುತ್ತಿದ್ದ. ನನಗೆ ಇದು ಹೊಳೆದದ್ದು ಮನೆಗೆ ಬಂದ ಮೇಲೆ.

ಮುಂದಿನ ಅಭ್ಯಾಸದಲ್ಲಿ ಅವನ "ಆವು" ತಡವಾಗಿ ಬಂತು.

ತಡ ಎಂದರೆ ಬೇರೆ ಯಾರಿಗೂ ಗೊತ್ತಾಗದಷ್ಟು. ನಾನು ಹೇಳುತ್ತೇನೆ, ಆಮೇಲೆ ಒಂದು ಖಾಲಿ ಜಾಗ, ಆಮೇಲೆ ಅವನ ಸ್ವರ. ರೇಡಿಯೋ ಹಾಳಾಗಿದೆ ಎಂದುಕೊಂಡು ಬದಲಾಯಿಸಿದೆವು. ಹೊಸ ರೇಡಿಯೋದಲ್ಲೂ ಆ ಜಾಗ ಇತ್ತು. ಮನೆಯಲ್ಲಿ ಅವನು ಲೈಟು ಆರಿಸಿ ಊಟ ಮಾಡತೊಡಗಿದ. ಅಮ್ಮ ಮಿಕ್ಸಿ ಹಾಕಿದರೆ ಎದ್ದು ಹೋಗುತ್ತಿದ್ದ. ಒಮ್ಮೆ ಆಫೀಸಿನಿಂದ ನನ್ನನ್ನು ಕರೆತರುವಾಗ ಫಿಂಟಾಸಿಗೆ ತಿರುಗುವ ದಾರಿಯನ್ನೇ ದಾಟಿ ನೇರ ಹೋದ. ಹುಟ್ಟಿದಾಗಿನಿಂದ ತಿರುಗಿದ ದಾರಿ ಅದು. "ಮಾತಾಡ್ತಾ ಮಿಸ್ ಆಯ್ತು" ಎಂದು ನಕ್ಕ. ನಾವಿಬ್ಬರೂ ಆಗ ಮಾತಾಡುತ್ತಲೇ ಇರಲಿಲ್ಲ.

ಆಸ್ಪತ್ರೆಗೆ ಹೋಗೋಣವೆಂದರೆ ಕೈ ಮುಗಿದ. "ಪ್ಲೀಸ್ ಅಕ್ಕ. ಒಂದ್ಸಲ ತಲೆಗೆ ಏಟು ಅಂತ ಫೈಲಲ್ಲಿ ಬಂದ್ರೆ ನನ್ನ ಸೀಟ್ ಖಲಾಸ್. ಅವರು ಬಂದು ನೋಡಿ ಹೋಗ್ಲಿ, ಆಮೇಲೆ ನೀನು ಹೇಳಿದಲ್ಲಿಗೆ ಬರ್ತೇನೆ."

ಅಪ್ಪನಿಗೆ ಹೇಳಿದೆ. ಅಪ್ಪ ಶುಐಬಾದ ಒಂದು ಪ್ಲಾಂಟಿನಲ್ಲಿ ಸುರಕ್ಷತೆಯ ಮೇಲ್ವಿಚಾರಕ. ಸ್ವಲ್ಪ ಗ್ಯಾಸಿನ ವಾಸನೆ ಬಂದರೂ ಕೆಲಸ ನಿಲ್ಲಿಸಿ ಎಲ್ಲರನ್ನೂ ಹೊರಗೆ ಓಡಿಸುವ ಮನುಷ್ಯ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ನಮ್ಮ ಮನೆಯ ಹೆಗ್ಗಣ ಗೆದ್ದ ಕಪ್ಪುಗಳನ್ನು ಬೇರೆ ತಂದು ಗಾಜಿನ ಕಪಾಟು ತುಂಬಿಸಿತ್ತು. "ಅವನಿಗೆ ನಿದ್ದೆ ಸಾಲದು, ಅಷ್ಟೇ ಮಾರಾಯ್ತಿ" ಎಂದರು ಅಪ್ಪ. "ಒಳ್ಳೇ ಕೆಲಸಕ್ಕೆ ಹೊರಟಾಗ ನೀನು ಅಪಶಕುನ ನುಡೀಬೇಡ." ಅಂದಿನಿಂದ ಮನೆಯಲ್ಲಿ ನಾನೇ ಕೆಟ್ಟ ಬಾಯಿಯವಳಾದೆ. ನನಗೆ ಭಯವಾಗುತ್ತಿತ್ತು. ಅಪ್ಪನ ಮೇಲೆ ಸಿಟ್ಟೂ ಬರುತ್ತಿತ್ತು. ಭಯಕ್ಕಿಂತ ಸಿಟ್ಟೇ ಸುಲಭವಾಗಿತ್ತು, ಆದ್ದರಿಂದ ವಾರವಿಡೀ ಸಿಟ್ಟಿನಲ್ಲೇ ಇದ್ದೆ.

ಹೊರದೇಶದವರು ಬಂದ ಶುಕ್ರವಾರ ಗಾಳಿ ಎದ್ದಿತ್ತು. ಟ್ರ್ಯಾಕಿನ ಆಚೆಯ ತುದಿ ಧೂಳಿನಲ್ಲಿ ಮಾಸಿಹೋಗಿತ್ತು. ಕಾರುಗಳು ಅದರೊಳಗೆ ಹೋಗಿ ಮತ್ತೆ ಹೊರಗೆ ಬರುತ್ತಿದ್ದವು. ಪ್ರತಿ ಸುತ್ತಿನಲ್ಲೂ ತಮ್ಮನ ನೀಲಿ ಕಾರು ಹೊರಗೆ ಬರುವವರೆಗೆ ನಾನು ಉಸಿರು ಹಿಡಿದಿರುತ್ತಿದ್ದೆ. ಬಂದವರು ನನ್ನ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡಿದ್ದರು. ತಮ್ಮ ಎರಡನೆಯ ಸ್ಥಾನದಲ್ಲಿದ್ದ. ಅವರಲ್ಲೊಬ್ಬ "ಗುಡ್, ಗುಡ್" ಎನ್ನುತ್ತಿದ್ದ. ನನಗೆ ಮಾತ್ರ ಆ ಖಾಲಿ ಜಾಗ ದೊಡ್ಡದಾಗುತ್ತಿರುವುದು ಕೇಳಿಸುತ್ತಿತ್ತು.

ಆಮೇಲೆ ಹಿಂದಿನಿಂದ ಒಂದು ಕಾರು ಅವನನ್ನು ತಾಗಿತು. ಸಣ್ಣ ಏಟು, ಪ್ರತಿ ರೇಸಿನಲ್ಲೂ ಆಗುವಂಥದ್ದು. "ಉಲಯಿ ಉಂಡು" ಎಂದೆ. ಉತ್ತರ ಬರಲಿಲ್ಲ. ಒಳಮಗ್ಗುಲಲ್ಲಿ ಕಾರು ಇರುವಾಗಲೇ ಅವನು ಮೆಲ್ಲನೆ ಅತ್ತಲೇ ಸರಿದ. ಆ ಚಾಲಕ ಬ್ರೇಕು ಒತ್ತಿದ್ದರಿಂದ ಇಬ್ಬರೂ ಉಳಿದರು. ಅವರು ಮುಂದಿನ ತಿರುವಿಗೆ ಹೋದ ಮೇಲೆ "ಆವು" ಬಂತು.

"ಬಲ" ಎಂದೆ. "ಬಲ, ಬಲ."

ಅವನು ಬಂದ. ಜೀವಮಾನದ ರೇಸನ್ನು ಅರ್ಧಕ್ಕೆ ಬಿಟ್ಟು, ಒಂದು ಪ್ರಶ್ನೆ ಕೇಳದೆ ಬಂದ. ನಾನು ಹೆಡ್‌ಫೋನು ಎಸೆದು ಮೆಟ್ಟಿಲಿಳಿದು ಓಡಿದೆ. ಅಷ್ಟರಲ್ಲಿ, ಪ್ರತಿ ರೇಸಿನಲ್ಲೂ ಕಾರಿನ ರಿಪೇರಿಗೆ ನಿಲ್ಲುವ ಅಪ್ಪ ಬಾನೆಟ್ಟು ತೆಗೆದು ತಡಕಾಡುತ್ತಿದ್ದರು. ಭಾಯಿ ಚಕ್ರಗಳನ್ನು ನೋಡುತ್ತಿದ್ದ. ತಮ್ಮ ಹೆಲ್ಮೆಟ್ಟು ಕಳಚಿ ಕೇಳಿದ, "ದಾದ ಆಂಡ್?" ಏನಾಯಿತು ಎಂದು.

"ಕಾರಿಗೆ ಏನೂ ಆಗ್ಲಿಲ್ಲ" ಎಂದೆ. "ಆದದ್ದು ನಿನ್ನ ತಲೆಗೆ. ಇನ್ನು ನಿನ್ನನ್ನು ಒಳಗೆ ಬಿಡೋದಿಲ್ಲ."

ಅವನು ನನ್ನನ್ನೇ ನೋಡಿದ. ಮುಖ ಬಿಳಿಚಿಕೊಂಡಿತ್ತು. "ಯೂ ಲೈಡ್ ಟು ಮಿ. ರೇಡಿಯೋದಲ್ಲಿ. ಇನ್ನು ನಿನ್ನ ಸ್ವರ ನಂಗೆ ಬೇಡ" ಎಂದು ಹೋಗಿ, ಬೆನ್ನು ಹಾಕಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತ. ಅಪ್ಪ ನನ್ನ ಮುಖ ನೋಡದೆ, "ಸಮಾಧಾನ ಆಯ್ತಾ ನಿಂಗೆ?" ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಆದರೂ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಇನ್ನು ಅವನು ಜನ್ಮದಲ್ಲಿ ನನ್ನ ಮಾತು ನಂಬುವುದಿಲ್ಲ. ನಂಬದಿರಲಿ, ಬದುಕಿರಲಿ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಅವನು ಕುರ್ಚಿಯಲ್ಲಿದ್ದಂತೆಯೇ ನನ್ನ ಕಡೆ ತಿರುಗಿದ. ಸಿಟ್ಟಿನ ಗುರುತೂ ಇರಲಿಲ್ಲ. "ಅಕ್ಕ, ದಾದ ಆಂಡ್? ಯಾಕೆ ಕರ್ದೆ?"

ಅಪ್ಪನ ಕೈ ನಿಂತಿತು.

ನಾನು ಮತ್ತೆ ಹೇಳಿದೆ, ಮೊದಲು ಹೇಳಿದಂತೆಯೇ. ಅವನ ಮುಖ ಮತ್ತೆ ಬಿಳಿಚಿತು. "ಯೂ ಲೈಡ್ ಟು ಮಿ. ರೇಡಿಯೋದಲ್ಲಿ." ಅದೇ ಮಾತು, ಅದೇ ಸ್ವರ. ಆಗಲೇ ಆಡಿದ್ದನ್ನು ಈಗ ಮೊದಲ ಸಲ ಆಡುತ್ತಿದ್ದ. ಅಪ್ಪ ಸ್ಪ್ಯಾನರು ಬಿಸಾಡಿ, "ಆಂಬುಲೆನ್ಸ್! ಯಲ್ಲಾ, ಯಲ್ಲಾ!" ಎಂದು ಅರಬಿಯಲ್ಲಿ ಅವಸರಪಡಿಸಿ ಕೂಗುತ್ತ ಟೆಂಟಿನ ಕಡೆ ಓಡಿದರು. ಅಪ್ಪ ಓಡುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನಾನು ತಮ್ಮನ ಮುಂದೆ ಮೊಣಕಾಲೂರಿ ಕೂತು ಅವನ ಎರಡೂ ಕೈ ಹಿಡಿದುಕೊಂಡೆ. ಅವನು ನನ್ನ ಅತ್ತ ಮುಖ ನೋಡಿ ಗಾಬರಿಯಾದ. "ಅಕ್ಕ, ದಾದ ಆಂಡ್?"

ಮೂರನೆಯ ಸಲ ಅವನಿಗೆ ಆ ನೋವು ಕೊಡಲು ನನ್ನಿಂದಾಗಲಿಲ್ಲ. "ಟಯರು" ಎಂದೆ. "ಟಯರು ಹೋಗಿತ್ತು, ಅದಕ್ಕೇ ಕರ್ದೆ."

"ಅಷ್ಟೇನಾ? ಬೇಗ ಹಾಕ್ಲಿಕ್ಕೆ ಹೇಳು" ಎಂದು ಕೈ ಬಿಡಿಸಿಕೊಂಡು, ಆ ಪ್ಲಾಸ್ಟಿಕ್ ಕುರ್ಚಿಯ ಎರಡೂ ಬದಿಗೆ ತಡಕಾಡುತ್ತ ಸೀಟು ಬೆಲ್ಟು ಹುಡುಕತೊಡಗಿದ.