ಮೈದುನ ಹಾಕಿದ ಸೂಜಿ

ನಮ್ಮ ಮನೆಯ ಗಂಡಸರು ಹಂದಿಮರಿಗಳ ಬೀಜ ತೆಗೆಯುವುದರಲ್ಲಿ ಶೂರರು. ಗಂಡ ಬ್ಲೇಡು ಎಳೆಯುತ್ತಾನೆ, ಮೈದುನ ಹಿಂಗಾಲು ಹಿಡಿಯುತ್ತಾನೆ, ಗಾಯಕ್ಕೆ ಒಲೆಯ ಬೂದಿ. ಮರಿಯ ಕಿರುಚಾಟ ಹಗರಿಬೊಮ್ಮನಹಳ್ಳಿ ಸ್ಟೇಷನ್ನಿಗೆ ಕೇಳಿದರೂ ಇವರಿಗೆ ಕೇಳುವುದಿಲ್ಲ. ಬೀಜ ತೆಗೆಯದಿದ್ದರೆ ಬೆಳೆದ ಗಂಡಿನ ಮಾಂಸ ಉಚ್ಚೆ ನಾರುತ್ತದೆ, ಅದು ನಿಜ. ಆದರೆ ಹೋದ ಸಲ ಗಾಯ ಕೀವಾಗಿ ಎರಡು ಮರಿ ನನ್ನ ಕೈಯಲ್ಲೇ ಸತ್ತವು. ಬೇಗ ಮೈ ತುಂಬಲಿ ಎಂದು ಊರ ಕರಿ ಹಂದಿಗೆ ಬಿಳಿ ಜಾತಿಯ ಗಂಡು ಕೂಡಿಸಿ ಪಡೆದ ಮರಿಗಳು. ನಾನು ಪಶುವೈದ್ಯರನ್ನು ಮನೆಗೆ ಕರೆಸಿದೆ.

ಅವರು ಬ್ಲೇಡಿನ ಬದಲು ಸೂಜಿಮದ್ದಿನ ದಾರಿ ಹೇಳಿದರು. ಬೀಜ ಇದ್ದಲ್ಲೇ ಇರುತ್ತದೆ, ಅದರ ಕೆಲಸ ನಿಲ್ಲುತ್ತದೆ. ಅಲ್ಲಿಯವರೆಗೆ ಗಂಡು ಗಂಡಾಗಿಯೇ ಬೆಳೆದು, ಕೊಬ್ಬಿಗಿಂತ ಮಾಂಸ ಹೆಚ್ಚು ಕಟ್ಟುತ್ತದೆ. ಎರಡು ಸಲ ಹಾಕಬೇಕು; ಒಂದು ತಪ್ಪಿದರೂ ಇನ್ನೊಂದು ದಂಡ.

"ನಿಮ್ಮ ಕೈಗೆ ಚುಚ್ಚಿಕೊಂಡೀರಿ, ಹುಷಾರ್ರಿ. ಮನುಷ್ಯಾರಿಗೂ ಅದ ಕೆಲಸ ಮಾಡ್ತೈತಿ" ಎಂದರು.

ಅಷ್ಟು ಕೇಳಿದ್ದೇ ತಡ, ಶೂರರ ಮುಖ ಬಿಳಿಚಿತು. ನಾನು ಬಿಡಲಿಲ್ಲ. ಒಂದು ಗಂಡು ಮರಿಯನ್ನು ಬ್ಲೇಡಿನಿಂದ ಉಳಿಸಿಕೊಂಡೆ. ಅದರ ಮಾಂಸವನ್ನು ಪೇಟೆಯ ಅಂಗಡಿಯವನು ಒಪ್ಪಿದರೆ ಮನೆಯಲ್ಲಿ ಬ್ಲೇಡು ನಿಲ್ಲಬೇಕೆಂದು ಗಂಡನಿಂದ ಮಾತು ತೆಗೆದುಕೊಂಡೆ.

ಮೊದಲ ಸೂಜಿಯ ದಿನ ತವರು ಗುಡೇಕೋಟೆಗೆ ಹೋಗಬೇಕಾಯಿತು. ಮೈದುನನಿಗೆ ವಹಿಸಿದೆ. ಬಂದು ಕೇಳಿದರೆ, "ಹಾಕೀನಿ ಬಿಡ್ರಿ ಅತ್ತಿಗಿ" ಅಂದ. ಎರಡನೆಯದನ್ನು ನಾನೇ ಹಾಕಿದೆ. ವಾರಗಳು ಕಳೆದರೂ ಬೀಜ ಕುಗ್ಗಲಿಲ್ಲ. ಕುಗ್ಗೀತು ಬಿಡು ಅಂದುಕೊಂಡೆ. ನಾನೂ ದಡ್ಡಿಯೇ.

ಕೊಯ್ದ ದಿನ ಅಂಗಡಿಯವನು ಒಂದು ತುಣುಕು ಕೊಬ್ಬನ್ನು ಕಾದ ಹಂಚಿಗೆ ಹಾಕಿದ. ಉಚ್ಚೆಯ ಗಬ್ಬು ನಾತ.

"ಅಕ್ಕಾ, ಇದನ್ನ ನಾಯೀನೂ ಮೂಸೂದಿಲ್ರಿ" ಎಂದು ಮೂಗು ಮುಚ್ಚಿಕೊಂಡು ಹೋದ.

ನಾನು ಮೈದುನನ ಕಡೆ ತಿರುಗಿದೆ. "ಖರೆ ಹೇಳೋ, ಸೂಜಿ ಹಾಕಿದ್ಯೋ ಇಲ್ಲೋ?"

"ಮಣ್ಣಿಗೆ ಬಿಟ್ಟೆರಿ. ನನಗ ಚುಚ್ಚಿಗಿಚ್ಚಿದ್ರ? ಆವಾಗ ಹೆಣ್ಣು ನೋಡಾಕ ಹೊಂಟಿದ್ವಲ್ರಿ."

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ; ಮಣ್ಣಾದದ್ದು ನನ್ನ ಔಷಧ. ಗಂಡ ತಮ್ಮನಿಗೆ ಒಂದು ಮಾತೂ ಅನ್ನಲಿಲ್ಲ. "ನಾ ಹೇಳಿದ್ದಿಲ್ಲೇನ, ಈ ಸೂಜಿಗೀಜಿ ಎಲ್ಲಾ ಸುಳ್ಳು ಅಂತ?" ಎಂದು ನನಗೇ ಹೇಳಿದ.

ಗೂಡಿನಲ್ಲಿ ಹೊಸದಾಗಿ ಹುಟ್ಟಿದ ಆರು ಗಂಡು ಮರಿಗಳಿದ್ದವು. ಮರುದಿನ ಬೆಳಿಗ್ಗೆ ಗಂಡ ಬ್ಲೇಡು ತಂದ. ಮೈದುನ ಮೊದಲ ಮರಿಯ ಹಿಂಗಾಲು ಹಿಡಿದ. ಅವನ ಕೈ ಒಂದಿಷ್ಟೂ ನಡುಗಲಿಲ್ಲ.